ಕರು ಹಿಡಿದು ನಿಂತ ಫೋಟೋ

ಅಡುಗೆಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ನನ್ನ ಗಂಡ ಒಂದು ಕರುವಿನ ಕೊರಳು ಬಳಸಿ ನಿಂತಿದ್ದಾನೆ. ನಗುತ್ತಿದ್ದಾನೆ. ಹಾಗೆ ಅವನು ಯಾವತ್ತೂ ನಿಂತಿರಲಿಲ್ಲ. ಆ ಕರು ಹುಟ್ಟಿದ್ದೇ ಅವನು ಸತ್ತು ನಾಲ್ಕು ತಿಂಗಳಾದ ಮೇಲೆ. ಫೋಟೋ ಜೋಡಿಸಿದ್ದು ನಾನು.

ಅದು ನನ್ನ ಕೆಲಸವೇ. ಹೊಸ ಟ್ರ್ಯಾಕ್ಟರು, ಮಾರಾಟಕ್ಕಿಟ್ಟ ಎಮ್ಮೆ, ಅವಳಿ ಮರಿ ಹಾಕಿದ ಆಡು, ಮೂರು ತಲೆಮಾರು ಸೇರಿದ ಕುಟುಂಬ, ಏನಿದ್ದರೂ ಸುತ್ತಲಿನ ಹಳ್ಳಿಯವರು ನನ್ನನ್ನು ಕರೆಯುತ್ತಾರೆ. ಪ್ರಾಣಿಯ ಫೋಟೋದಲ್ಲಿ ಮುಖ್ಯವಾದದ್ದು ಕಿವಿ. ಕಿವಿ ಜೋತುಬಿದ್ದರೆ ಎಂಥ ಹಸುವೂ ಕಾಯಿಲೆ ಬಿದ್ದಂತೆ ಕಾಣುತ್ತದೆ. ಹಾಗಾಗಿ ಗಂಡ ನನ್ನ ಬೆನ್ನ ಹಿಂದೆ ನಿಂತು ಹಿಂಡಿಯ ಬಕೆಟ್ಟು ಅಲುಗಿಸುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಆಡಿನಂತೆ ಅರಚುತ್ತಿದ್ದ. ಪ್ರಾಣಿ ಕಿವಿ ನಿಮಿರಿಸುತ್ತಿತ್ತು, ಮನೆಯವರು ನಗುತ್ತಿದ್ದರು. ಸತ್ತ ಅಜ್ಜನನ್ನು ಮೊಮ್ಮಕ್ಕಳ ಪಕ್ಕ ಸೇರಿಸಿಕೊಡಿ ಎನ್ನುವವರೂ ಇದ್ದರು. ಸೇರಿಸಿಕೊಡುತ್ತಿದ್ದೆ. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಟ್ರ್ಯಾಕ್ಟರ್ ಮಗುಚಿ ಅವನು ಹೋದ ಮೇಲೆ ಅತ್ತೆಯ ಬಳಿ ಉಳಿದದ್ದು ಗುರುತಿನ ಚೀಟಿಯ ಫೋಟೋ ಒಂದೇ.

“ಇದ್ರಲ್ಲಿ ಪೊಲೀಸರು ಹಿಡ್ಕೊಂಡು ಹೋದ ಹಾಗಿದಾನೆ,” ಎಂದರು. “ಊರಿನ ಕುರಿ ಕೋಳಿಗೆಲ್ಲ ಫೋಟೋ ತೆಗೀತೀಯ. ನನ್ನ ಮಗ ನಗ್ತಿರೋದು ಒಂದಾದ್ರೂ ಇಲ್ವೇನೇ?”

“ಇಲ್ಲ ಅತ್ತೆ,” ಎಂದೆ.

ಇತ್ತು. ನನ್ನ ಫೋನಿನಲ್ಲಿ. ಒಂದು ಬೆಳಿಗ್ಗೆ ಮಂಚದ ಅಂಚಿನಲ್ಲಿ, ತೂತು ಬನಿಯನ್ನಿನಲ್ಲಿ, ಕೆದರಿದ ಕೂದಲಿನಲ್ಲಿ ಕೂತು ನನ್ನನ್ನು ನೋಡಿ ನಗುತ್ತಿರುವುದು. ಗೋಡೆಗೆ ಹೋದರೆ ಅದು ಎಲ್ಲರದ್ದಾಗುತ್ತದೆ. ಕೊಡಲು ಮನಸ್ಸಾಗಲಿಲ್ಲ. ಅತ್ತೆ ಕೇಳುತ್ತಲೇ ಇದ್ದರು. ಕೊನೆಗೆ ಅವರು ನೆಂಟರ ಮನೆಗೆ ಹೋದ ದಿನ ಮೈದುನನಿಗೆ ಅಣ್ಣನ ನೀಲಿ ಅಂಗಿ ಹಾಕಿಸಿ, ಕರು ಹಿಡಿಸಿ ನಿಲ್ಲಿಸಿದೆ. ಹದಿನೇಳು ಸಲ ತೆಗೆದದ್ದರಲ್ಲಿ ಕರು ಕಿವಿ ನಿಮಿರಿಸಿದ್ದು ಒಂದರಲ್ಲಿ ಮಾತ್ರ. ಅದನ್ನೇ ಆರಿಸಿ, ನನ್ನ ಫೋನಿನ ಆ ಮುಖವನ್ನು ತಂದು ಕೂರಿಸಿದೆ.

ಹಳೆಯದೊಂದು ಸಿಕ್ಕಿತು ಎಂದು ಅತ್ತೆಗೆ ಕೊಟ್ಟೆ. ಅವರ ಕಣ್ಣಿಗೆ ಆಗ ಪೊರೆ ಬಂದಿತ್ತು. ಫೋಟೋವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು.

“ಇದು ಯಾವ ಕರು?”

“ಹೋದ ವರ್ಷ ಮಾರಿದ್ವಲ್ಲ, ಅದು.”

ಆಮೇಲಿನದ್ದನ್ನು ನಾನು ಎಣಿಸಿರಲಿಲ್ಲ. ಅತ್ತೆಗೆ ಆ ಫೋಟೋ ತೆಗೆದ ಬೆಳಿಗ್ಗೆ ನೆನಪಾಗತೊಡಗಿತು. ಕರು ಹಗ್ಗ ಕಿತ್ತುಕೊಂಡು ಓಡಿತ್ತಂತೆ. ಅವನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಬೆನ್ನಟ್ಟಿದ್ದನಂತೆ. ಅತ್ತೆ ಬಾಗಿಲಲ್ಲಿ ನಿಂತು ಬೈದಿದ್ದರಂತೆ. “ನಾನು ಬೈದಿದ್ದಕ್ಕೇ ನೋಡಿ, ಹೇಗೆ ಹಲ್ಲು ಕಿರೀತಿದಾನೆ!” ಎಂದು ಹಾಲಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಮೊದಲೆಲ್ಲ ಬೇರೆ ಸಂಗತಿ ಹೇಳುತ್ತಿದ್ದರು. ಬಣವೆಯಲ್ಲಿ ಅಡಗಿ ಅವನು ನಿದ್ದೆಹೋದದ್ದು, ಪರೀಕ್ಷೆಯ ದಿನ ಚೀಲದಲ್ಲಿ ನಾಯಿಮರಿ ಒಯ್ದದ್ದು. ಅವೆಲ್ಲ ನಡೆದಿದ್ದವು. ಒಂದೊಂದಾಗಿ ಅವು ನಿಂತುಹೋಗಿ, ನಡೆಯದ ಆ ಬೆಳಿಗ್ಗೆಯೊಂದೇ ಉಳಿಯಿತು.

ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಮುಗಿಯಿತು. ಹೇಳಲಿಲ್ಲ.

ಕಳೆದ ವಾರ ದನದ ಡಾಕ್ಟರು ಬಂದರು. ಸಿಕ್ಕಿದ್ದನ್ನೆಲ್ಲ ತಿನ್ನುವ ಆ ಕರುವಿಗೆ ಅತ್ತೆ ಕಳ್ಳಿ ಎನ್ನುತ್ತಾರೆ. ಅದು ಒಗೆಯಲಿಟ್ಟ ಕಾಲುಚೀಲ ನುಂಗಿತ್ತು. ಡಾಕ್ಟರು ಅದಕ್ಕೆ ಔಷಧಿ ಕುಡಿಸಿ, ಕೈ ತೊಳೆದು, ಅಡುಗೆಮನೆಯಲ್ಲಿ ಚಹಾಕ್ಕೆ ಕೂತರು.

“ಎಂಎಸ್ಸಿ ಓದಿದ ಸೊಸೆ ಕುರಿಗಳನ್ನ ನಗಿಸ್ತಾಳಂತೆ?” ಎಂದು ಛೇಡಿಸಿದರು.

“ಜನಕ್ಕಿಂತ ಅವೇ ವಾಸಿ ಡಾಕ್ಟ್ರೇ. ಫೋಟೋದಲ್ಲಿ ಹೊಟ್ಟೆ ಸಣ್ಣ ಮಾಡ್ಕೊಡಿ ಅಂತ ಕೇಳಲ್ಲ.”

ಅವರು ನಗುತ್ತ ಗೋಡೆಯತ್ತ ತಿರುಗಿದರು. “ಅರೆ, ಇದು ಕಳ್ಳಿಯಲ್ವಾ! ಕಿವೀಲಿ ನಾನೇ ಹಾಕಿದ ಓಲೆ.”

ಓಲೆಯೆಂದರೆ ನಂಬರಿನ ಹಳದಿ ಬಿಲ್ಲೆ. ಕಿವಿ ನಿಮಿರಿತೆಂಬ ಖುಷಿಯಲ್ಲಿ ನಾನು ಅದನ್ನು ಅಳಿಸಿರಲಿಲ್ಲ.

“ಆದ್ರೆ ಇದು ಹುಟ್ಟೋ ಹೊತ್ತಿಗೆ ಅವರು...” ಎಂದ ಡಾಕ್ಟರು ಬಿಸಿ ಚಹಾವನ್ನು ಒಂದೇ ಸಲಕ್ಕೆ ಗುಟುಕರಿಸಿ, ಬಾಯಿ ಸುಟ್ಟುಕೊಂಡು, ಎದ್ದು ಹೊರಟರು.

ಅತ್ತೆ ಫೋಟೋ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದರು.

“ಈ ಕೈ ಯಾರದ್ದು?”

“ನಿಮ್ಮ ಚಿಕ್ಕ ಮಗಂದು.”

“ಅಂಗಿ?”

“ಅಂಗಿ ಅವರದ್ದೇ.”

“ಮತ್ತೆ ನಾನು ಬೈದಿದ್ದು?”

ನಾನು ಒಲೆ ಒರೆಸುತ್ತ ನಿಂತೆ.

“ಬೈದಿದ್ದೆ ಕಣೇ. ನಂಗೆ ನೆನಪಿದೆ,” ಎಂದರು. ಫೋಟೋವನ್ನು ಇನ್ನಷ್ಟು ಹತ್ತಿರ ಹಿಡಿದು, “ಹಾಗಾದ್ರೆ ಇವನು ನಗ್ತಿರೋದು ಯಾರನ್ನ ನೋಡಿ?”

“ನನ್ನನ್ನ.”

“ತೋರ್ಸು.”

ಫೋನನ್ನು ಅವರ ಕೈಗೆ ಕೊಡಲಿಲ್ಲ, ನಾನೇ ಹಿಡಿದು ತೋರಿಸಿದೆ. ಅತ್ತೆ ರೆಪ್ಪೆ ಮಿಟುಕಿಸದೆ ನೋಡಿದರು.

“ಆ ಬನಿಯನ್ ಒಂದು ಹೊಲಿಗೆ ಹಾಕ್ಬಾರ್ದಿತ್ತಾ?” ಎಂದರು. “ಇದನ್ನ ದೊಡ್ಡದು ಮಾಡ್ಸು.”

“ಇದು ಬೇಡ ಅತ್ತೆ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಕರುವಿನ ಫೋಟೋವನ್ನೇ ಮತ್ತೆ ಮೊಳೆಗೆ ಸಿಕ್ಕಿಸಿದರು.

“ಆಯ್ತು. ದಿನಾ ಒಂದ್ಸಲ ತೋರ್ಸು, ಸಾಕು.”

ಮರುದಿನ ಹಾಲು ಕರೆದು ಬಂದು, ಕೈ ಒರೆಸಿಕೊಂಡು ಕೇಳಿದರು. ತೋರಿಸಿದೆ. ಎರಡನೆಯ ದಿನವೂ ತೋರಿಸಿದೆ. ಅವತ್ತು ಅವರು ಎರಡು ಬೆರಳಿಟ್ಟು ಫೋಟೋ ಹಿಗ್ಗಿಸುವುದನ್ನು ಕಲಿತರು. ಮುಖ ಸರಿದು, ದಿಂಬು ಬಂತು, ದಿಂಬಿನ ಮೇಲಿದ್ದ ನನ್ನ ಬಾಚಣಿಗೆ ಬಂತು, ಕಿಟಕಿಯ ಬಿಸಿಲು ಬಂತು.

“ಇಷ್ಟು ಬಿಸಿಲಾಗಿದೆ. ಎಷ್ಟು ಹೊತ್ತಿಗೆ ಏಳ್ತಿದ್ರೇ ನೀವಿಬ್ರು?” ಎಂದರು. ತಮಾಷೆಗೇ ಹೇಳಿದ್ದು.

ಮೂರನೆಯ ದಿನ ಕೇಳಿದಾಗ, ಫೋನಿನಲ್ಲಿ ಚಾರ್ಜ್ ಇಲ್ಲ ಅತ್ತೆ, ಎಂದೆ.

“ಹೌದಾ? ಸರಿ, ನಾಳೆ,” ಎಂದು ಅವರು ಕೊಟ್ಟಿಗೆಗೆ ವಾಪಸು ಹೋದರು.

ಚಾರ್ಜ್ ಇತ್ತು.