ಮೇಜಿನ ಮೇಲೆ ಉಳಿದ ಪುಸ್ತಕಗಳ ಲೆಕ್ಕ

ಮಾರ್ಚ್ ಮೂರನೆಯ ತಾರೀಖು, ಸೋಮವಾರ. ಪ್ರಾಂತೀಯ ಗ್ರಂಥಾಲಯ ಸಂಘದ ಸದಸ್ಯರು ಇನ್ನೂರ ಹದಿನಾಲ್ಕು ಮಂದಿ. ಅಂದಿನವರೆಗೆ ಮತಪತ್ರ ತುಂಬಿ ಕಳುಹಿಸಿದವರು ತೊಂಬತ್ತೊಂದು. ಅರ್ಧಕ್ಕೆ ಒಂದು ಹೆಚ್ಚು, ಅಂದರೆ ನೂರ ಎಂಟು ಮತಪತ್ರಗಳು ಇಪ್ಪತ್ತನೆಯ ತಾರೀಖಿನೊಳಗೆ ಬಾರದಿದ್ದರೆ, ರಾಷ್ಟ್ರೀಯ ಗ್ರಂಥಾಲಯ ಮಂಡಳಿಯಲ್ಲಿ ಸಂಘದ ಪ್ರತಿನಿಧಿಯ ಕುರ್ಚಿ ಖಾಲಿ. ಹಿಂದಿನ ಎರಡು ಅವಧಿಗಳಲ್ಲಿಯೂ ಅದು ಖಾಲಿಯಾಗಿಯೇ ಇತ್ತು.

ಬಾರದೆ ಉಳಿದ ಮತಪತ್ರಗಳಲ್ಲಿ ಒಂದು, ಪೇಟೆಯ ಹಿಂಬದಿ ಬೀದಿಯ ಶಾಖಾ ಗ್ರಂಥಾಲಯದಲ್ಲಿ, ಗ್ರಂಥಪಾಲಕಿಯ ಮೇಜಿನ ಖಾನೆಯಲ್ಲಿ, ಅಂಟಿನ ಬಾಟಲಿಗೂ ಮುರಿದ ಠಸ್ಸೆಗೂ ನಡುವೆ ಮಲಗಿತ್ತು. ಮೇಜಿನ ಮೇಲೆ ಮಂಡಳಿಯ ಕರಡು ನಿಯಮವಿತ್ತು. ದಿನಕ್ಕೆ ನಲವತ್ತಕ್ಕಿಂತ ಕಡಿಮೆ ಪುಸ್ತಕಗಳನ್ನು ಮನೆಗೆ ಎರವಲು ಕೊಡುವ ಶಾಖೆ ವಾರಕ್ಕೆ ಮೂರು ಅರ್ಧ ದಿನ ಮಾತ್ರ ತೆರೆದಿರತಕ್ಕದ್ದು. ಈ ಶಾಖೆ ಕೊಡುತ್ತಿದ್ದದ್ದು ಇಪ್ಪತ್ತೆರಡು. ಹನ್ನೊಂದು ವರ್ಷ ಪ್ರತಿದಿನ ತಾನೇ ಬಾಗಿಲು ತೆಗೆದ ಶಾಖೆಗೆ ವಾರದ ಹೆಚ್ಚು ಹೊತ್ತು ಬೀಗ ಬೀಳುವ ಸೂಚನೆಯನ್ನು ಗ್ರಂಥಪಾಲಕಿ ಬೆಳಗಿನಿಂದ ನಾಲ್ಕು ಸಲ ಓದಿದ್ದಳು.

ಸಂಜೆ ಆರು ಗಂಟೆಗೆ ಓದುಗರು ಎದ್ದು ಹೋದರು. ಅವಳು ಎಂದಿನಂತೆ ಮೇಜುಗಳ ಮೇಲಿನ ಪುಸ್ತಕಗಳನ್ನು ಬಾಚಿ ಎದೆಗವಚಿಕೊಂಡು ಕಪಾಟಿಗೆ ಸೇರಿಸತೊಡಗಿದಳು. ಅಷ್ಟರಲ್ಲಿ ಕಾರ್ಡಕ್ಕ ಬಂದಳು. ಮೂವತ್ತೊಂದು ವರ್ಷ ಸೂಚಿಪತ್ರದ ಕಾರ್ಡು ಬರೆದು ನಿವೃತ್ತಳಾದ ಆಕೆ ಈಗ ಸಂಘದ ಕಾರ್ಯದರ್ಶಿ.

"ಮತಪತ್ರ ಎಲ್ಲೇ?"

"ಖಾನೆಯಲ್ಲಿ ಬೆಚ್ಚಗಿದೆ ಅಕ್ಕಾ."

"ಮೊಟ್ಟೆ ಇಡುತ್ತೆ ಅಂತ ಕಾಯ್ತಿದೀಯಾ?"

"ಅದರಿಂದ ಏನಾಗುತ್ತೆ ಹೇಳಿ. ಅಲ್ಲಿಗೆ ಹೋದವರು ಕೋಟು ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಬರ್ತಾರೆ. ನಮ್ಮ ಬಾಗಿಲಿಗೆ ಬೀಗ ಬೀಳೋದು ಬಿದ್ದೇ ಬೀಳುತ್ತೆ."

"ನಮ್ಮ ಕಡೆಯಿಂದ ಯಾರು ಹೋಗಿದ್ರು? ಯಾರೂ ಇಲ್ಲ. ಇಪ್ಪತ್ತೆಂಟು ಜನ ಕೂತು ನಿಯಮ ಬರೆದ್ರು, ನಮ್ಮ ಕುರ್ಚಿ ಮೇಲೆ ಅವರ ಛತ್ರಿ ಇತ್ತಂತೆ."

ಗ್ರಂಥಪಾಲಕಿ ನಗಲಿಲ್ಲ. "ಹೋಗಿದ್ರೂ ಏನು ಹೇಳ್ತಿದ್ರು? ಇಪ್ಪತ್ತೆರಡು ಅಂದ್ರೆ ಇಪ್ಪತ್ತೆರಡೇ. ಲೆಕ್ಕ ಸುಳ್ಳಾಡುತ್ತಾ?" ಎಂದು ಮತ್ತೊಂದು ಮೇಜಿನತ್ತ ತಿರುಗಿದಳು.

"ನಿಲ್ಲು. ಕೈಯಲ್ಲಿರೋ ಪುಸ್ತಕ ಯಾರು ತೆಗೆದದ್ದು?"

"ಓದೋಕೆ ಬಂದವರು."

"ರಿಜಿಸ್ಟರಿಗೆ ಬರೆದ್ಯಾ?"

"ಮನೆಗೆ ಒಯ್ಯೋದನ್ನ ತಾನೇ ಬರೆಯೋದು? ಇವು ಇಲ್ಲೇ ಓದಿದ್ದು."

"ಹಾಗಾದ್ರೆ ಇವನ್ನ ಓದಿದ್ದು ದೆವ್ವ ಅಂತ ಬರೆದುಬಿಡು."

ಗ್ರಂಥಪಾಲಕಿಯ ಕೈ ಗಾಳಿಯಲ್ಲೇ ನಿಂತಿತು. ಈ ಪ್ರಾಂತ್ಯದ ಶಾಖೆಗಳಲ್ಲೆಲ್ಲ ಒಂದು ಶಿಸ್ತು ಇತ್ತು. ಓದುಗ ಎದ್ದ ಮರುಗಳಿಗೆ ಪುಸ್ತಕ ಕಪಾಟಿಗೆ ಮರಳಬೇಕು, ಮೇಜು ಕನ್ನಡಿಯಂತಿರಬೇಕು. ವರ್ಷಕ್ಕೊಮ್ಮೆ ಅತ್ಯಂತ ಚೊಕ್ಕಟವಾದ ಓದುಕೋಣೆಗೆ ಸಂಘವೇ ಪ್ರಶಸ್ತಿಪತ್ರ ಕೊಡುತ್ತಿತ್ತು. ಇವಳಿಗೆ ಎರಡು ಬಾರಿ ಬಂದಿತ್ತು. ಎರಡಕ್ಕೂ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ತಮ್ಮ ಶಾಖೆಯಲ್ಲಿ ಜನ ಓದುತ್ತಾರೆ ಎಂಬುದಕ್ಕೆ ಇದ್ದ ಸಾಕ್ಷಿಯನ್ನು ಇಡೀ ಪ್ರಾಂತ್ಯದ ಗ್ರಂಥಪಾಲಕರು ದಿನಕ್ಕೊಮ್ಮೆ, ಬಹಳ ಹೆಮ್ಮೆಯಿಂದ, ತಮ್ಮ ಕೈಯಾರೆ ಅಳಿಸಿಹಾಕುತ್ತಿದ್ದರು.

ಇಬ್ಬರೂ ಎಣಿಸಿದರು. ಉಳಿದ ಮೇಜುಗಳ ಮೇಲೆಯೇ ನಲವತ್ತೇಳು ಪುಸ್ತಕಗಳಿದ್ದವು.

"ಯಾರೇ ಇವರೆಲ್ಲ?"

ಗ್ರಂಥಪಾಲಕಿಗೆ ಪ್ರತಿ ಕುರ್ಚಿಯೂ ಬಾಯಿಪಾಠವಾಗಿತ್ತು. "ಆ ಮೂಲೆಯಲ್ಲಿ ನರ್ಸಿಂಗ್ ಪರೀಕ್ಷೆಗೆ ಓದೋ ಹುಡುಗಿಯರು, ಮನೆಯಲ್ಲಿ ಕೂರೋಕೆ ಜಾಗ ಇಲ್ಲ. ಈ ಮೇಜು ಬಾಡಿಗೆ ಕೋಣೆಯವರದ್ದು, ವಿಳಾಸದ ಕಾಗದ ಇಲ್ಲ ಅಂತ ಎರವಲು ಚೀಟಿ ಸಿಗಲಿಲ್ಲ. ಕಿಟಕಿ ಹತ್ತಿರ ಒಬ್ಬ ಬೀಗ ರಿಪೇರಿಯವರು ಬರ್ತಾರೆ, ನಿಘಂಟು ಓದ್ತಾರೆ. 'ಪ'ಕಾರಕ್ಕೆ ಬಂದಿದ್ದಾರೆ."

"ನಿಘಂಟು ಮನೆಗೆ ಕೊಡ್ತೀಯಾ?"

"ಕೊಡೋ ಹಾಗಿಲ್ಲ."

"ಮತ್ತೆ? ಅವರು 'ಳ'ಕಾರ ಮುಗಿಸಿದ್ರೂ ನಿನ್ನ ಲೆಕ್ಕದಲ್ಲಿ ಸೊನ್ನೆ. ಮೇ ತಿಂಗಳಲ್ಲಿ ಕರಡು ಮತಕ್ಕೆ ಬರುತ್ತೆ, ಆಗ ಇದನ್ನ ಅಲ್ಲಿ ಹೋಗಿ ಹೇಳೋರು ಬೇಕು. ನಾನು ಹೋಗೋಣ ಅಂದ್ರೆ ನಿವೃತ್ತರಿಗೆ ಅವಕಾಶ ಇಲ್ಲ. ಮತಪತ್ರದಲ್ಲಿ ಹೆಸರು ಬರೆಯೋ ಗೆರೆ ಇದೆಯಲ್ಲ, ನಿನ್ನ ಹೆಸರು ಬರೀತೀನಿ. ಉಳಿದವರಿಗೂ ಹೇಳ್ತೀನಿ."

ಮನೆಯಲ್ಲಿ ಈ ವಿಷಯ ಎತ್ತಿದಾಗ ಅತ್ತೆ ಮೊದಲು ಮಾತಾಡಿದರು. "ಎರಡು ದಿನ ರಜೆ ಹಾಕಿ ಅಷ್ಟು ದೂರ ಹೋಗಿ ಅದ್ಯಾವ ಗುಡ್ಡ ಕಡಿದು ಹಾಕ್ತೀಯ? ದೊಡ್ಡವರ ಮುಂದೆ ಬಾಯಿ ಬಿಟ್ರೆ ಇರೋ ಕೆಲಸಾನೂ ಹೋಗುತ್ತೆ."

"ನನಗೂ ಅದೇ ಭಯ ಅತ್ತೆ."

ಗಂಡ ದರ್ಜಿ. ಗುಂಡಿ ಹೊಲಿಯುತ್ತಿದ್ದವನು ಹಲ್ಲಿನಿಂದ ದಾರ ಕಡಿದು ಹೇಳಿದ: "ಅಮ್ಮಾ, ಇವಳ ಕೈಗೆ ಬಂದಿರೋ ಅಂಗಿ ಯಾರದೋ ಅಳತೆಗೆ ಹೊಲಿದದ್ದು. ದೊಡ್ಡ ಊರಿನ ದೊಡ್ಡ ಲೈಬ್ರರಿಯ ಅಳತೆ. ಇವರು ಅಳತೆ ಕೊಡೋಕೆ ಹೋಗಿಲ್ಲ, ಈಗ ಬಿಗಿ ಅಂತ ಅಳ್ತಾರೆ. ನನ್ನ ಅಂಗಡಿಗೆ ಹೀಗೆ ಬಂದವರನ್ನ ನಾನು ಒಳಗೆ ಬಿಡ್ತೀನಾ?"

"ನಿಮ್ಮ ಅಂಗಡಿ ಮಾತು ಬೇರೆ ರೀ."

"ಟೇಪು ಒಂದೇ ಕಣೇ. ಆರು ದಿನ ಎಣಿಸು. ಕಡಿಮೆ ಬಂದ್ರೆ ಹೋಗಬೇಡ, ನಾನೇ ಬೀಗದ ಎಣ್ಣೆ ತಂದುಕೊಡ್ತೀನಿ."

ಅವಳು ಆರು ದಿನ ಎಣಿಸಿದಳು. ಪುಸ್ತಕ ಕಪಾಟಿಗೆ ಹೋಗುವ ಮೊದಲು ಹಾಳೆಯಲ್ಲಿ ಒಂದು ಗೆರೆ, ಐದಕ್ಕೊಂದು ಅಡ್ಡಗೆರೆ. ಕೆಲಸಕ್ಕೆ ಹಿಡಿದದ್ದು ದಿನಕ್ಕೆ ಏಳು ನಿಮಿಷ. ಸರಾಸರಿ ಅರವತ್ತೊಂದು. ಎರವಲಿನ ಇಪ್ಪತ್ತೆರಡು ಸೇರಿದರೆ ಎಂಬತ್ತಮೂರು. ನಿಯಮ ಕೇಳಿದ್ದರ ಎರಡರಷ್ಟಕ್ಕಿಂತಲೂ ಮೂರು ಹೆಚ್ಚು. ಹಾಳೆ ನೋಡಿದ ಅತ್ತೆ ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದರು. "ಇಷ್ಟು ಜನ ಓದ್ತಾರಾ? ಹಾಗಾದ್ರೆ ಹೋಗಲೇಬೇಕು. ಒಳ್ಳೆ ಸೀರೆ ಉಟ್ಟು ಹೋಗು. ಮೆಲ್ಲಗೆ ಮಾತಾಡಬೇಡ."

ಗ್ರಂಥಪಾಲಕಿ ತನ್ನ ಮತಪತ್ರ ತುಂಬಿದಳು. ಬಳಿಕ ಆ ಹಾಳೆಯ ಪ್ರತಿಯನ್ನು ಮತಪತ್ರ ಕಳುಹಿಸದವರಿಗೆಲ್ಲ ಅಂಚೆಯಲ್ಲಿ ಹಾಕಿದಳು. ನೆನಪಿಸಲು ದೂರವಾಣಿ ಮಾಡಿ ಕೆಲವರಿಂದ ಬೈಗುಳವನ್ನೂ ಸ್ವಲ್ಪ ಕೇಳಿಸಿಕೊಂಡಳು. ಇಪ್ಪತ್ತರ ಸಂಜೆಯ ಹೊತ್ತಿಗೆ ನೂರ ಹನ್ನೊಂದು ಮತಪತ್ರಗಳು ಬಂದವು. ಒಂದರಲ್ಲಿ ಸಹಿ ಇರಲಿಲ್ಲ, ಅದು ತಿರಸ್ಕೃತವಾಯಿತು. ನೂರ ಹತ್ತು ಉಳಿದವು. ಕುರ್ಚಿ ತುಂಬಿತು: ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಇದ್ದದ್ದು ಗ್ರಂಥಪಾಲಕಿಯ ಹೆಸರು.

ಏಪ್ರಿಲ್ ಇಡೀ ತಿಂಗಳು ಮೇಜಿನ ಪುಸ್ತಕಗಳನ್ನು ಎಣಿಸುವಂತೆ ಅವಳು ಪ್ರಾಂತ್ಯದ ಐವತ್ತೆಂಟು ಶಾಖೆಗಳಿಗೂ ಬರೆದಳು. ಮೂವತ್ತೊಂಬತ್ತು ಶಾಖೆಗಳು ಲೆಕ್ಕ ಕಳುಹಿಸಿದವು. ಮೇ ಒಂಬತ್ತರಂದು ಅವಳು ಆ ಮೂವತ್ತೊಂಬತ್ತು ಹಾಳೆಗಳೊಡನೆ ಮಂಡಳಿಯ ಉದ್ದನೆಯ ಮೇಜಿನ ಕೊನೆಯ ಕುರ್ಚಿಯಲ್ಲಿ ಕುಳಿತಳು. ಎದ್ದು ನಿಂತು ಹಾಳೆಗಳನ್ನು ಓದಿದಳು. ಎರವಲಿನ ಜೊತೆಗೆ ಮೇಜಿನ ಓದನ್ನೂ ಕೂಡಿಸಿ ಎಣಿಸಬೇಕೆಂದು ತಿದ್ದುಪಡಿ ಮಂಡಿಸಿದಳು.

ದೊಡ್ಡ ಗ್ರಂಥಾಲಯವೊಂದರ ನಿರ್ದೇಶಕರು ಕನ್ನಡಕದ ಮೇಲಿನಿಂದ ನೋಡಿದರು. "ಪುಸ್ತಕ ಮೇಜಿನ ಮೇಲೆ ಬಿದ್ದಿತ್ತು ಅಂದ ಮಾತ್ರಕ್ಕೆ ಅದನ್ನ ಓದಿದ್ರು ಅನ್ನೋದಕ್ಕೆ ಸಾಕ್ಷಿ ಏನಮ್ಮಾ?"

"ಮನೆಗೆ ಒಯ್ದದ್ದನ್ನ ಓದಿದ್ರು ಅನ್ನೋದಕ್ಕೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ ಸಾರ್?"

ಮೇಜಿನ ಆ ತುದಿಯಲ್ಲಿ ಯಾರೋ ನಕ್ಕರು. ನಗು ಕುರ್ಚಿಯಿಂದ ಕುರ್ಚಿಗೆ ದಾಟಿ ನಿರ್ದೇಶಕರನ್ನೂ ಮುಟ್ಟಿತು. "ನನ್ನ ಮನೆಯಲ್ಲೇ ಓದದೆ ಇರೋವು ಮೂರಿವೆ," ಎಂದು ಅವರು ಒಪ್ಪಿಕೊಂಡರು.

ಮತಕ್ಕೆ ಹಾಕಿದರು. ತಿದ್ದುಪಡಿಯ ಪರ ಹದಿನೈದು, ವಿರುದ್ಧ ಹದಿನಾಲ್ಕು. ಸಮ ಬಂದರೆ ಕರಡೇ ಉಳಿಯುವುದು ಮಂಡಳಿಯ ಪದ್ಧತಿ. ಹದಿನೈದರಿಂದ ಕೊನೆಯ ಕುರ್ಚಿಯ ಮತವನ್ನು ಕಳೆದು ನೋಡಿದರೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಊರಿಗೆ ಮರಳಿದಾಗ ಬಸ್ ನಿಲ್ದಾಣದಲ್ಲಿ ಗಂಡ, ಅತ್ತೆ, ಕಾರ್ಡಕ್ಕ ಮೂವರೂ ನಿಂತಿದ್ದರು. ಅತ್ತೆ ಪಕ್ಕದಲ್ಲಿದ್ದ ಅಪರಿಚಿತರಿಗೂ ಕೇಳಿಸುವಂತೆ, "ಒಂದೇ ಓಟು! ಅದೂ ನಮ್ಮ ಸೊಸೆದು!" ಎಂದರು. ಮರುದಿನ ಶಾಖೆ ಬೆಳಿಗ್ಗೆ ಒಂಬತ್ತಕ್ಕೆ ತೆರೆಯಿತು. ಇಂದಿಗೂ ವಾರಕ್ಕೆ ಆರು ಪೂರ್ಣ ದಿನ ತೆರೆದಿರುತ್ತದೆ.

ಈ ಕರಪತ್ರ ಹಿಡಿದಿರುವ ನೀವು ಗ್ರಂಥಪಾಲಕರಾಗಿರಬಹುದು, ಬೇರೆ ಯಾವುದೇ ವೃತ್ತಿಯವರಾಗಿರಬಹುದು. ನಿಮ್ಮ ಸಂಘದ ಮತಪತ್ರವನ್ನು ಬಂದ ದಿನವೇ ತುಂಬಿ, ಸಹಿ ಹಾಕಿ, ಕಳುಹಿಸಿ. ನಿಮ್ಮವರೊಬ್ಬರನ್ನು ನಿಯಮ ಬರೆಯುವ ಮೇಜಿಗೆ ಕಳುಹಿಸಿ, ಮತ್ತು ಅವರನ್ನು ಬರಿಗೈಯಲ್ಲಿ ಕಳುಹಿಸಬೇಡಿ: ನಿಮ್ಮ ಕೆಲಸದ ನಿಜವಾದ ಲೆಕ್ಕ ಕೊಟ್ಟು ಕಳುಹಿಸಿ. ನೀವು ಗ್ರಂಥಾಲಯದ ಓದುಗರಾಗಿದ್ದರೆ, ಎದ್ದು ಹೋಗುವಾಗ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ. ಅದನ್ನು ಎಣಿಸುವವರಿದ್ದಾರೆ.

ಹೊಸ ನಿಯಮ ಜಾರಿಯಲ್ಲಿದೆ. ಅದರ ಪ್ರಕಾರ ಮೇಜಿನ ಲೆಕ್ಕ ಕಳುಹಿಸದ ಶಾಖೆಯನ್ನು ಎರವಲಿನ ಸಂಖ್ಯೆಯಿಂದ ಮಾತ್ರ ಅಳೆಯಲಾಗುವುದು. ನಮ್ಮ ಪ್ರಾಂತ್ಯದ ಹತ್ತೊಂಬತ್ತು ಶಾಖೆಗಳ ಲೆಕ್ಕ, ಇದು ಅಚ್ಚಿಗೆ ಹೋಗುವ ಹೊತ್ತಿಗೂ, ಬಾಕಿ ಇದೆ.