ಶನಿಯನ್ನು ನೋಡುವ ಕನ್ನಡಿ

ಶಿವಾರಪಟ್ಟಣದ ಗಂಗುಲಪ್ಪ ನಲವತ್ತು ವರ್ಷದ ಕಸುಬಿನಲ್ಲಿ ಎಷ್ಟು ಗುಡಿಗಳಿಗೆ ನವಗ್ರಹ ಕಡೆದುಕೊಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ. ಒಂಬತ್ತು ಕಲ್ಲುಗಳಲ್ಲಿ ಅವನು ಕೊನೆಗೆ ಉಳಿಸಿಕೊಳ್ಳುತ್ತಿದ್ದುದು ಶನಿಯನ್ನು. ಪ್ರತಿಷ್ಠೆಯ ದಿನ ವಿಗ್ರಹಕ್ಕೆ ಕಣ್ಣು ತೆರೆಸುವ ಶಾಸ್ತ್ರವಿದೆಯಲ್ಲ, ಆಗ ಶಿಲ್ಪಿ ಚಿನ್ನದ ಸೂಜಿಯಿಂದ ಕಣ್ಣಿನ ಗೆರೆ ತಿದ್ದಬೇಕು. ದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳದಿರಲಿ ಎಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಬೇರೆ ದೇವರಾದರೆ ಗಂಗುಲಪ್ಪ ಆಮೇಲೆ ಎದುರಿಗೆ ಬಂದು ಕೈಮುಗಿಯುತ್ತಿದ್ದ. ಶನಿಗೆ ಮಾತ್ರ ಪಕ್ಕದಲ್ಲೇ ನಿಂತು ಗೆರೆ ತಿದ್ದಿ, ಮುಖ ತಿರುಗಿಸಿಕೊಂಡು ಹೊರಗೆ ಬಂದುಬಿಡುತ್ತಿದ್ದ. ಅವನ ಗುರುಗಳು ಹಾಗೇ ಹೇಳಿಕೊಟ್ಟಿದ್ದರು. ಹೀಗಾಗಿ, ಯಾರಿಗೆ ಇಷ್ಟು ಸಲ ಕಣ್ಣು ಕೊಟ್ಟನೋ ಅವನನ್ನು, ಕಣ್ಣು ತೆರೆದ ಮೇಲೆ, ಒಂದು ಸಲವೂ ಕಣ್ಣಿಟ್ಟು ನೋಡಿದ್ದಿಲ್ಲ.

ಈಗ ಅವನ ಕಣ್ಣೇ ಹೋಗುತ್ತಿತ್ತು. ಎಡಗಣ್ಣಿನ ನಡುವೆ ಒದ್ದೆ ಬೂದಿ ಮೆತ್ತಿದಂಥ ಒಂದು ಕಲೆ ಕೂತು ಎರಡು ವರ್ಷವಾಗಿತ್ತು. ಆ ಕಣ್ಣಿನಿಂದ ಯಾರ ಮುಖ ನೋಡಿದರೂ ಕಿವಿ, ಕೂದಲು, ಹೆಗಲು ಕಾಣುತ್ತಿದ್ದವು; ಮೂಗು ಬಾಯಿ ಇರಬೇಕಾದ ಕಡೆ ಆ ಬೂದಿ. ಕೋಲಾರದಲ್ಲಿ ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ ಹೇಳಿದ್ದರು: "ಕಣ್ಣೊಳಗಿನ ಪರದೆ ನಡುಮಧ್ಯ ಸವೆದಿದೆ ಯಜಮಾನ್ರೆ. ಎಡಗಡೇದು ಹೋಯ್ತು ಅನ್ಕೊಳ್ಳಿ. ಬಲಗಣ್ಣು ಒಂದೊರ್ಷ ಬರಬಹುದು, ಆರು ತಿಂಗಳೂ ಆಗಬಹುದು."

ಗಂಗುಲಪ್ಪ ಮುಖದ ಕೆಲಸ ಬಿಟ್ಟು ಪೀಠ, ಪ್ರಭಾವಳಿ ಇಷ್ಟಕ್ಕೆ ಕೈ ಸೀಮಿತ ಮಾಡಿಕೊಂಡ. ಆ ದಿನಗಳಲ್ಲೇ ಅವನ ಅಕ್ಕನ ಮಗ ಕದಿರೇಶ್, ಮಾಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ದೋಸೆಕಲ್ಲಿಗಿಂತ ಚಿಕ್ಕದಾದ ಎರಡು ದಪ್ಪ ಗಾಜಿನ ಬಿಲ್ಲೆ ಹಿಡಿದುಕೊಂಡು ಬಂದ.

"ಮಾವ, ಗಾಜೂ ಒಂಥರಾ ಕಲ್ಲೇ. ನೀವು ಇದನ್ನ ಉಜ್ಜಿಕೊಟ್ರೆ ಒಂದು ಟೆಲಿಸ್ಕೋಪು ಆಗುತ್ತೆ. ಡಾಬ್ಸೋನಿಯನ್ ಅಂತಾರೆ. ದೊಡ್ಡ ತಂತ್ರ ಏನಿಲ್ಲ, ಮರದ ಪೆಟ್ಟಿಗೆ ಮೇಲೆ ಕೊಳವೆ ಕೂರಿಸೋದು, ತಳ್ಳಿದ ಕಡೆ ತಿರುಗುತ್ತೆ."

"ಏನ್ ಕಾಣುತ್ಲಾ ಅದ್ರಲ್ಲಿ?"

"ಚಂದ್ರನ ಹಳ್ಳ ದಿಣ್ಣೆ, ಗುರು, ಶನಿ. ಶನಿಯ ಬಳೆ ಸಮೇತ ಕಾಣುತ್ತೆ."

ಗಂಗುಲಪ್ಪನ ಉಳಿ ನಿಂತಿತು. "ಶನಿ? ಅವನೇನಾ?"

ನೀರು ತಂದಿಟ್ಟ ಹೆಂಡತಿ ಮುತ್ಯಾಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ದೇವುಡಾ! ಅವನನ್ನ ಹುಡುಕ್ಕೊಂಡು ಹೋಗಿ ನೋಡೋರುಂಟೇನ್ರಿ? ಕರೀದಿದ್ರೂ ಬರೋನು ಅವನು."

"ಬಂದಾಗಿದೆ ಕಣೇ, ಕಣ್ಣಲ್ಲೇ ಕೂತವ್ನೆ. ಬಲಗಣ್ಣೂ ಹೋಗೋಕೆ ಮುಂಚೆ ನಾನೂ ಒಂದ್ಸಲ ಅವನ ಮುಖ ನೋಡ್ಬಿಡ್ತೀನಿ. ಅಷ್ಟಾದ್ರೆ ಸಾಕು."

ಆ ಮಾತು ಹೇಳಿದ ಮೇಲೆ ಅವನಿಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ.

ಕೆಲಸ ಮಳೆಗಾಲದಲ್ಲಿ ಶುರುವಾಯಿತು. ಸಿಮೆಂಟು ತುಂಬಿದ ಡ್ರಮ್ಮಿನ ಮೇಲೆ ಒಂದು ಬಿಲ್ಲೆ, ಅದರ ಮೇಲೆ ಇನ್ನೊಂದು, ನಡುವೆ ಒರಟು ಪುಡಿ, ಚಿಟಿಕೆ ನೀರು. ಹಿಂದಕ್ಕೆ ಮುಂದಕ್ಕೆ ಉಜ್ಜುತ್ತ, ಗುಡಿಗೆ ಪ್ರದಕ್ಷಿಣೆ ಬಂದ ಹಾಗೆ ಡ್ರಮ್ಮಿನ ಸುತ್ತ ಒಂದೊಂದೇ ಹೆಜ್ಜೆ ಸರಿಯಬೇಕು. ಪುಡಿ ಸವೆದದ್ದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗಂಗುಲಪ್ಪ ನಿಲ್ಲಿಸುವ ಹೊತ್ತಿಗೆ ಮುತ್ಯಾಲಮ್ಮನ ಕೈ ನೀರು ಚಿಮುಕಿಸಲು ಬಂದಿರುತ್ತಿತ್ತು. ಶನಿಯ ಹೆದರಿಕೆ ಎಷ್ಟೇ ಇದ್ದರೂ ಒಂದು ದಿನವೂ ಅವಳು ಆ ಕೆಲಸ ತಪ್ಪಿಸಲಿಲ್ಲ. ಮೇಲಿನ ಬಿಲ್ಲೆ ನಡುವೆ ತಗ್ಗುತ್ತಾ ಹೋಯಿತು. ಎರಡು ತಿಂಗಳು ಉಜ್ಜಿದ ಮೇಲೆ ಆದ ತಗ್ಗು ಒಂದು ರಾಗಿ ಕಾಳಿನಷ್ಟು. ಕದಿರೇಶ್ ಅಳತೆ ನೋಡಿ, "ಸಾಕು ಮಾವ, ನಿಲ್ಸಿ, ಇದೇ ಬೇಕಿದ್ದು," ಅಂದ. ಆಮೇಲೆ ಅರಗಿನ ಮೇಲೆ ಗುಲಾಬಿ ಬಣ್ಣದ ನುಣುಪು ಪುಡಿ ಹಾಕಿ ಇನ್ನೊಂದು ತಿಂಗಳು ಹೊಳಪು. ಕೊಳವೆಗೆ ಬೋರ್‌ವೆಲ್ಲಿನ ನೀಲಿ ಕೇಸಿಂಗ್ ಪೈಪು ಸಿಕ್ಕಿತು. ವಿಗ್ರಹಕ್ಕೆ ಕಪ್ಪು ಬಣ್ಣ ಬರಿಸಲು ಹಚ್ಚುವ ದೀಪದ ಮಸಿಯನ್ನೇ ಗಂಗುಲಪ್ಪ ಅದರ ಒಳಗೆಲ್ಲ ಬಳಿದ. ಪ್ಲೈವುಡ್ಡಿನ ಪೆಟ್ಟಿಗೆಯನ್ನೂ ತಾನೇ ಕೂಡಿಸಿದ.

ಬೆಂಗಳೂರಿನಲ್ಲಿ ಬೆಳ್ಳಿಯಂಥ ಲೇಪ ಹಾಕಿಸಿಕೊಂಡು ಆ ಬಿಲ್ಲೆ ಕನ್ನಡಿಯಾಗಿ ಕಾರ್ತಿಕ ಮುಗಿಯುವಾಗ ಬಂತು. ಕದಿರೇಶ್ ಕಲ್ಲು ಕಡೆಯುವ ಶೆಡ್ಡಿನಲ್ಲಿ ಮಾವನೊಬ್ಬನನ್ನೇ ಕೂರಿಸಿಕೊಂಡು ಹೇಳಿದ: "ಮನೆ ಕನ್ನಡಿಗೆ ಲೇಪ ಗಾಜಿನ ಬೆನ್ನಿಗಿರುತ್ತೆ. ಇದಕ್ಕೆ ಮುಂದೇನೇ ಇದೆ. ಮುಟ್ಟಬಾರ್ದು, ಒರೆಸಬಾರ್ದು, ಉಸಿರು ಕೂಡ ಬಿಡಬಾರ್ದು. ನಂಗೆ ಶ್ರೀನಿವಾಸಪುರದಲ್ಲಿ ತರಬೇತಿ ಇದೆ. ಬಂದ್ಮೇಲೆ ಕಣ್ಣಿಡೋ ಮಸೂರ ತರ್ತೀನಿ, ಜೋಡಿಸೋಣ."

"ಆಯ್ತು ಹೋಗೋ. ಕಲ್ಲಿಗೆ ಬುದ್ಧಿ ಹೇಳೋನು ನಾನು, ನಂಗೇ ಹೇಳ್ತೀಯ."

ಆದರೆ ಅವತ್ತು ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಗಂಗುಲಪ್ಪ ಕಾಗದ ಬಿಚ್ಚಿದ. ಒಂದು ಕೆಲಸ ಮುಗಿಯಿತೋ ಇಲ್ಲವೋ ಎಂಬುದನ್ನು ಅವನು ಯಾವತ್ತೂ ಕಣ್ಣಿನಿಂದ ತೀರ್ಮಾನಿಸಿದವನಲ್ಲ. ಹೆಬ್ಬೆರಳು ತಾನಾಗಿ ಹೋಗಿ ಕನ್ನಡಿಯ ನಡುವಿನಿಂದ ಅಂಚಿನವರೆಗೆ ಒಮ್ಮೆ ಜಾರಿತು. ಏನೂ ತಡೆಯಲಿಲ್ಲ. ನೀರಿನ ಮೇಲೆ ಬೆರಳಿಟ್ಟ ಹಾಗಿತ್ತು. ಆ ಸಂತೋಷಕ್ಕೆ ಅವನಿಗೆ ಕಣ್ಣು ತುಂಬಿತು. ಮತ್ತೆ ಸುತ್ತಿ ದೇವರ ಗೂಡಿನಲ್ಲಿಟ್ಟ.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಗಂಡ ಉಳಿ ಕೆಳಗಿಟ್ಟ ಮೇಲೆ ವಿಗ್ರಹ ಮುತ್ಯಾಲಮ್ಮನದು. ಸೀಗೆಪುಡಿ ಹಾಕಿ ತೊಳೆದು, ಹರಳೆಣ್ಣೆ ಬಟ್ಟೆಯಿಂದ ತಿಕ್ಕಿ, ಕಲ್ಲಿಗೆ ಜೀವ ಬರಿಸಿ, ಆಮೇಲೆಯೇ ಅದು ಹೊಸಲು ದಾಟಬೇಕು. ಮದುವೆಯಾಗಿ ಬಂದಾಗಿನಿಂದ ಅವಳು ಮಾಡದೆ ಬಿಟ್ಟ ವಿಗ್ರಹ ಒಂದೂ ಇಲ್ಲ. ಗುರುವಾರ ದೇವರ ಗೂಡು ತೊಳೆಯುವಾಗ ಅವಳು ಕನ್ನಡಿ ಬಿಚ್ಚಿ ನೋಡಿದಳು. ನಡುವೆ ಒಂದು ಬೆರಳಿನ ಜಿಡ್ಡು.

ಶೆಡ್ಡಿಗೆ ಬಂದಾಗ ಅವಳ ಮುಖದಲ್ಲಿ ನಗೆಯಿತ್ತು. "ನೋಡಿ, ತೊಳೆದಿಟ್ಟೆ. ಹೆಂಗೆ ಥಳಥಳ ಅಂತಿದೆ."

ಗಂಗುಲಪ್ಪ ಕನ್ನಡಿಯನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಈಚೆಗೆ ಅವನು ಎಲ್ಲವನ್ನೂ ಓರೆಯಾಗಿಯೇ ನೋಡುತ್ತಿದ್ದ. ಮೇಲ್ಮೈ ತುಂಬ ಜೇಡರ ಬಲೆಯಂಥ ಗೀರುಗಳು. ಸುತ್ತು ಸುತ್ತು, ಎಣ್ಣೆ ಬಟ್ಟೆ ತಿರುಗಿದ ಹಾಗೇ.

"ನಿಂಗೆ ಬೇಕಾಗಿದ್ದೂ ಇದೇ ಅಲ್ವೇನೇ?" ಅಂದ. ಕೂಗಲಿಲ್ಲ, ಕೂಗಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. "ಶನಿನ ನೋಡಬಾರ್ದು ಅಂತ ನೀನೇ ಅಂದಿದ್ದೆ. ನನ್ ಕೊನೆ ಕಣ್ಣಿಗೆ ಮಣ್ ಹಾಕ್ದೆ."

"ಕೈ ಗುರುತಾಗಿತ್ತು ಕಣ್ರಿ..."

"ಎದ್ದೋಗು."

ಯಾರ ಕೈ ಗುರುತೆಂದು ಅವನು ಹೇಳಲಿಲ್ಲ. ಹೇಳಬೇಕೆಂದು ಎರಡು ಮೂರು ರಾತ್ರಿ ಅನ್ನಿಸಿತು. ಹೇಳದೆ ದಿನ ಕಳೆದಂತೆಲ್ಲ ಆ ಮಾತು ಭಾರವಾಯಿತು, ಆಮೇಲೆ ಎತ್ತಲಾರದಷ್ಟಾಯಿತು. ಕನ್ನಡಿಯನ್ನು ಶೆಡ್ಡಿನ ಮೂಲೆಯಲ್ಲಿ ಬೋರಲು ಹಾಕಿದ. ಹೆಂಡತಿಯ ಜೊತೆ ಮಾತು ನಿಲ್ಲಿಸಿದ. ಅವಳು ತಟ್ಟೆ ತಂದಿಡುವಳು, ಇವನು ಮುದ್ದೆ ಮುರಿಯುವನು, ನಡುವೆ ಸಾರಿನ ಹಬೆ ಮಾತ್ರ. ಜಪಕ್ಕೆ ಕೂತರೆ ದೇವರ ಹೆಸರಿನ ನಡುವೆ ಆ ಹೆಬ್ಬೆರಳು ಬಂದು ಕೂರುತ್ತಿತ್ತು. ಫೋನಿನಲ್ಲಿ ಕದಿರೇಶ್, ಲೇಪ ಮತ್ತೆ ಹಾಕಿಸಲು ಮೂರು ತಿಂಗಳಾಗುತ್ತದೆ, ಅಷ್ಟರಲ್ಲಿ ಶನಿ ಪಡುವಣದಲ್ಲಿ ಮುಳುಗಿಬಿಡುತ್ತಾನೆ, ಮತ್ತೆ ಸಂಜೆ ಹೊತ್ತಿಗೆ ಕಾಣುವುದು ದೀಪಾವಳಿ ಕಡೆಗೆ, ಎಂದ. ಗಂಗುಲಪ್ಪ ಬೆರಳು ಮಡಿಸಿ ತಿಂಗಳು ಎಣಿಸಿದ. ಡಾಕ್ಟರು ಕೊಟ್ಟ ಗಡುವು ಅದಕ್ಕೂ ಮುಂಚೆಯೇ ಮುಗಿಯುತ್ತಿತ್ತು.

ಸಂಕ್ರಾಂತಿ ಕಳೆದ ವಾರ ಕದಿರೇಶ್ ಬಂದ. ಅತ್ತೆಯ ಮುಖ ನೋಡಿದ, ಮಾವನ ಮುಖ ನೋಡಿದ, ಬೋರಲು ಬಿದ್ದ ಕನ್ನಡಿಯನ್ನು ಎತ್ತಿ ಬೆಳಕಿಗೆ ಹಿಡಿದ. "ಹೋಗಿದ್ದು ಹೋಯ್ತು. ಗೀರಿದ್ರೂ ಒಂದಿಷ್ಟು ಕಂಡೀತು, ಕೂರಿಸಿ ನೋಡೇಬಿಡೋಣ ಮಾವ. ಪೆಟ್ಟಿಗೆ ಸುಮ್ನೆ ಕೂತಿದ್ರೆ ಅತ್ತೆ ಅದ್ರಲ್ಲಿ ಕೋಳಿ ಕೂಡಿಹಾಕ್ತಾರೆ ಅಷ್ಟೆ."

ಮುತ್ಯಾಲಮ್ಮ ನಗಲಿಲ್ಲ.

ಮಧ್ಯಾಹ್ನವೆಲ್ಲ ಜೋಡಣೆ. ಕೊಳವೆಯ ತಳದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಓರೆಯಾಗಿ ಒಂದು ಚಿಕ್ಕ ಕನ್ನಡಿ, ಪಕ್ಕದಲ್ಲಿ ಕಣ್ಣಿಡುವ ಮಸೂರ. ಹೊತ್ತು ಮುಳುಗಿ ದೀಪ ಹಚ್ಚುವ ವೇಳೆಗೆ ಪೆಟ್ಟಿಗೆ ಅಂಗಳದಲ್ಲಿತ್ತು. ಪಡುವಣದ ಹುಣಸೆ ಮರದ ಮೇಲೆ, ಮಿನುಗದೆ, ಒಂದು ಹಳದಿ ಚುಕ್ಕೆ. ಕದಿರೇಶ್ ಮಂಡಿಯೂರಿ ಕೊಳವೆಯನ್ನು ಅತ್ತ ಇತ್ತ ಸರಿಸಿದ.

"ಅಬ್ಬಾ! ಸಿಕ್ತು! ಬನ್ನಿ ಮಾವ, ಬೇಗ ಬನ್ನಿ. ಅದು ನಿಲ್ಲಲ್ಲ, ಜಾರ್ತಾ ಇರುತ್ತೆ. ಜಾರಿದ ಹಾಗೆಲ್ಲ ಕೊಳವೇನ ಪಡುವಣಕ್ಕೆ ಒಂದು ಕೂದಲೆಳೆಯಷ್ಟು ತಳ್ತಾ ಹೋಗ್ಬೇಕು."

ಗಂಗುಲಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡ, ಗುಡಿಯೊಳಗೆ ಹೋಗುವವನಂತೆ. ಮನಸ್ಸಿನಲ್ಲೇ ಕೈಮುಗಿದು ಬಲಗಣ್ಣು ಇಟ್ಟ.

ಕಪ್ಪು. ಕಪ್ಪಿನ ನಡುವೆ ಒದ್ದೆ ಬೂದಿ ಮೆತ್ತಿದಂಥ ಮಬ್ಬು.

"ಏನೂ ಇಲ್ಲ ಕಣೋ."

ಕದಿರೇಶ್ ನೋಡಿ, ಮಸೂರ ತಿರುವಿ, ಮತ್ತೆ ಕರೆದ. "ಈಗ? ನಡುವೆ ಒಂದು ಕಾಳು. ಈ ವರ್ಷ ಬಳೆ ಅಡ್ಡ ತಿರುಗಿದೆ, ಕಾಳಿಗೆ ಸೂಜಿ ಚುಚ್ಚಿದಂಗೆ ಒಂದು ಗೀಟು."

ಬೂದಿ. ಕಣ್ಣು ಎತ್ತ ಸರಿಸಿದರೂ ಅದೇ ಮುಂದೆ ಬಂದು ನಿಲ್ಲುತ್ತಿತ್ತು.

"ಕನ್ನಡಿ ಹೋಗಿದೆ. ಎಲ್ಲ ಇವಳು ಉಜ್ಜಿದ್ದರ ಫಲ," ಅಂದ ಗಂಗುಲಪ್ಪ.

ಕದಿರೇಶ್ ಇನ್ನೊಮ್ಮೆ ಬಗ್ಗಿ ಕಣ್ಣಿಟ್ಟ, ಮಸೂರ ತಿರುವದೆ ಮೇಲೆದ್ದ.

"ಕದಿರೇಶ, ನಿಂಗೆ ಕಂಡಿದ್ದೇನೋ?"

"ನಂಗೂ ಅಷ್ಟು ಸರಿಯಾಗಿ ಇಲ್ಲ ಮಾವ. ಏನೋ ಬೆಳಕು... ಅಷ್ಟೇ. ಲೇಪ ಹಾಕಿಸಿದ್ರೆ ಸರಿಹೋಗುತ್ತೆ ಬಿಡಿ."

ಹುಡುಗನಾಗಿದ್ದಾಗ ಬೆಲ್ಲ ಕದ್ದು ತಿಂದು ಬಂದು ನಿಂತಾಗಲೂ ಇದೇ ದನಿಯಿತ್ತು ಅವನಿಗೆ. ಗಂಗುಲಪ್ಪ ತಿರುಗಿದ. ಹೊಸಲಿನ ದೀಪದ ಬೆಳಕಿನಲ್ಲಿ ಮುತ್ಯಾಲಮ್ಮ ನಿಂತಿದ್ದಳು. ಅವಳ ಸೀರೆಯ ಅಂಚು ಕಂಡಿತು, ಕೈಬಳೆ ಕಂಡಿತು. ಮುಖ ಕಾಣಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದ. ಆಗಲೂ ಕಾಣಲಿಲ್ಲ. ಕತ್ತಲೆಂದುಕೊಂಡ, ಹಾಗಂದುಕೊಳ್ಳಲು ತುಂಬ ಪ್ರಯತ್ನಪಟ್ಟ.

"ಮುತ್ಯಾಲೂ," ಅಂದ. ಒಂದೂವರೆ ತಿಂಗಳಾದ ಮೇಲೆ ಅವಳ ಹೆಸರು ಅವನ ಬಾಯಲ್ಲಿ ಬಂದಿತ್ತು. "ನೀನು ಬಂದು ನೋಡು. ಇರೋದು ಇದ್ದಂಗೆ ಹೇಳು."

"ನಾನಾ? ಅವನನ್ನಾ?"

"ಬಾ ಅಂದ್ನಲ್ಲ."

ಅವಳು ಸೆರಗು ಹೊದ್ದು ಬಂದಳು. ಕದಿರೇಶ್ ಕೊಳವೆ ಸರಿಮಾಡಿಕೊಟ್ಟು ದೂರ ಸರಿದ. ಅವಳು ಕೊಳವೆಯ ಅಂಚಿಗೆ ಕೈ ಹಚ್ಚಿ ಬಗ್ಗಿದಳು. ಗಂಗುಲಪ್ಪ ಪಕ್ಕದಲ್ಲೇ ನಿಂತು, ನಿಲ್ಲಲು ಆಸರೆಗೆಂಬಂತೆ ಕೊಳವೆಯ ಮೇಲೆ ಹಗುರವಾಗಿ ಅಂಗೈ ಇಟ್ಟ.

ಅವಳು ಕಣ್ಣನ್ನು ಮಸೂರಕ್ಕೆ ಇನ್ನಷ್ಟು ಹತ್ತಿರ ತಂದಳು.

"ಏನ್ ಕಾಣುತ್ತೆ?"

"ಏನೂ ಇಲ್ಲ ಕಣ್ರಿ. ಬರೀ ಮಬ್ಬು." ಅವಳ ದನಿ ನಿಧಾನವಾಗಿತ್ತು. "ನಾನೇ ಹಾಳ್ಮಾಡ್ದೆ. ನೀವು ಹೇಳಿದ್ದು ಸರಿ."

ಆಗ ಗಂಗುಲಪ್ಪನ ಅಂಗೈಯ ಕೆಳಗೆ ಕೊಳವೆ ಸರಿಯಿತು. ಒಂದು ಕೂದಲೆಳೆಯಷ್ಟು, ಪಡುವಣಕ್ಕೆ. ನಿಂತಿತು. ನಾಲ್ಕು ಉಸಿರಿನಷ್ಟು ಬಿಟ್ಟು ಮತ್ತೆ ಅಷ್ಟೇ ಸರಿಯಿತು. ಕಲ್ಲಿನಲ್ಲಿ ಅಕ್ಕಿಯ ಮೊನೆಯಷ್ಟು ಉಬ್ಬಿದ್ದರೂ ಕಂಡುಹಿಡಿಯುವ ಕೈ ಅದು. ಕಾಣದ್ದನ್ನು ಯಾರೂ ಹೀಗೆ ಹಿಂಬಾಲಿಸುವುದಿಲ್ಲವೆಂದು ಅದಕ್ಕೆ ಗೊತ್ತಾಯಿತು.

ಅವನು ಕೈ ತೆಗೆಯಲಿಲ್ಲ. ಪಡುವಣದ ಕಡೆ ಮುಖವೆತ್ತಿದ. ಹುಣಸೆ ಮರದ ಆಕಾರವಿತ್ತು. ಅದರ ಮೇಲೆ ಚುಕ್ಕೆಯಿರಬೇಕಾದ ಕಡೆ ಆಕಾಶ ಸುಮ್ಮನೆ ಕಲೆಸಿಹೋಗಿತ್ತು. ಎಂದಿನಿಂದಲೋ, ಯಾವ ತಿಂಗಳಿನಿಂದಲೋ. ಕೈಯಿಂದಲೇ ಬದುಕುವವನಿಗೆ ಬಲಗಣ್ಣೂ ಹೋದದ್ದು ಗೊತ್ತೇ ಆಗಿರಲಿಲ್ಲ.

"ಏನೂ ಇಲ್ವಾ?" ಮತ್ತೆ ಕೇಳಿದ.

"ಇಲ್ಲ."

"ಮುತ್ಯಾಲೂ... ಕನ್ನಡಿ ಮೇಲಿದ್ದ ಬೆರಳಿನ ಗುರುತು ನಂದೇ ಕಣೇ."

"ಗೊತ್ತು ಬಿಡಿ," ಅಂದಳು, ಮಸೂರದಿಂದ ಕಣ್ಣೆತ್ತದೆ. "ನಲವತ್ತು ವರ್ಷದಿಂದ ತೊಳೀತಿದೀನಿ. ನಂಗೆ ಗೊತ್ತಾಗಲ್ವಾ."

ಕೊಳವೆ ಮತ್ತೆ ಒಂದು ಎಳೆ ಸರಿಯಿತು. ಗಂಗುಲಪ್ಪ ತನ್ನ ಕೈಯ ಭಾರ ಅದಕ್ಕೆ ತಾಗದ ಹಾಗೆ ಅಂಗೈಯನ್ನು ಇನ್ನಷ್ಟು ಹಗುರ ಮಾಡಿಕೊಂಡು ನಿಂತ.