ಕಿರುಬೆರಳಿನ ಪಾಳಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೈಯಿಂದ ಇಸ್ತ್ರಿ ಮಾಡುವವಳು ಒಬ್ಬಳೇ. ಚಾದರಗಳನ್ನೆಲ್ಲ ಯಂತ್ರ ನೋಡಿಕೊಳ್ಳುತ್ತದೆ. ಡಾಕ್ಟರುಗಳ ಕೋಟು ಮಾತ್ರ ಇಸ್ತ್ರಿಯಕ್ಕನ ಮೇಜಿಗೇ ಬರಬೇಕು. ಹತ್ತೊಂಬತ್ತು ವರ್ಷ ಅವಳದು ಬೆಳಗಿನ ಪಾಳಿ. ಅವಳು ಕೇಳಿದವಳಲ್ಲ, ಯಾರೂ ಬೇಡ ಅಂದವರಲ್ಲ. ಮೇಲ್ವಿಚಾರಕ ನೋಟ್‌ಬುಕ್ಕಿನಲ್ಲಿ ತಾನೇ ಬರೆದುಕೊಳ್ಳುತ್ತಿದ್ದ.

ಹೋದ ವಾರ ನೋಟ್‌ಬುಕ್ಕು ಹೋಗಿ ಗೋಡೆಗೆ ಟಚ್‌ಸ್ಕ್ರೀನ್ ಬಂತು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಸಾಲಿನಲ್ಲಿ ನಿಂತು ಅವರವರ ಪಾಳಿ ಅವರವರೇ ಒತ್ತಿಕೊಳ್ಳಬೇಕು. ಬೆಳಗಿನ ಜಾಗ ಆರು, ಜನ ಹನ್ನೊಂದು.

ಆ ಶನಿವಾರ ಇಸ್ತ್ರಿಯಕ್ಕ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಒತ್ತಿದಳು. ಏನೂ ಆಗಲಿಲ್ಲ. ಗೋಡೆ ಅಲ್ಲಾಡುವ ಹಾಗೆ ಒತ್ತಿದಳು. ಸ್ಕ್ರೀನು ಕಲ್ಲಿನಂತೆ ಕೂತಿತ್ತು. ಹಿಂದೆ ನಿಂತವರು ಗಂಟಲು ಸರಿಮಾಡಿಕೊಳ್ಳತೊಡಗಿದರು. "ಕನ್ನಡಕ ತಂದಿಲ್ಲ, ನೀವು ಮೊದಲು ಒತ್ಕೊಳ್ಳಿ" ಎಂದು ಪಕ್ಕಕ್ಕೆ ಸರಿದಳು. ಕನ್ನಡಕ ಜೇಬಿನಲ್ಲೇ ಇತ್ತು. ಕೊನೆಗೆ ಬಟ್ಟೆ ಮಡಿಸುವ ಹುಡುಗಿ ಚುರುಕಿ ಅವಳ ಪರವಾಗಿ ಒತ್ತಿದಾಗ ಉಳಿದಿದ್ದು ಸಂಜೆಯ ಪಾಳಿ.

ಸಂಜೆ ಮನೆಯಲ್ಲಿ ಮೊಮ್ಮಗಳಿರುತ್ತಾಳೆ, ಮೂರು ವರ್ಷದವಳು. ಮಗಳಿಗೆ ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುವ ಕೆಲಸ, ಅದೂ ಸಂಜೆಯದೇ. ಪಕ್ಕದ ಮನೆಯಾಕೆ ಒಂದು ವಾರ ಮಗು ನೋಡಿಕೊಂಡು, ಇನ್ನು ನನ್ನ ಕೈಲಾಗುವುದಿಲ್ಲ ಎಂದಿದ್ದಳು.

"ಈ ಸಲ ಬೆಳಗಿನದು ಸಿಗಲಿಲ್ಲ ಅಂದ್ರೆ ನಾನು ಕೆಲಸ ಬಿಡ್ಬೇಕಾಗತ್ತೆ ಅಮ್ಮಾ" ಎಂದಳು ಮಗಳು. "ಆ ಮಿಷಿನ್ ಮೇಲೆ ನಿಂಗೇನು ಅಷ್ಟು ಹಠ?"

"ಅದನ್ನ ಕಂಡ್ರೆ ಆಗಲ್ಲ ನಂಗೆ."

ಹತ್ತು ಜನರ ಬೆರಳಿಗೆ ಓಗೊಡುವ ಯಂತ್ರ ತನ್ನೊಬ್ಬಳನ್ನು ಕಂಡರೆ ಸತ್ತು ಬೀಳುತ್ತದೆ ಅಂತ ಹೇಳಿಕೊಳ್ಳುವುದಕ್ಕಿಂತ ಹಠಮಾರಿ ಅನ್ನಿಸಿಕೊಳ್ಳುವುದೇ ವಾಸಿ.

ಈ ಶನಿವಾರ ಹನ್ನೊಂದೂವರೆಗೆ ಮೇಲ್ವಿಚಾರಕ ಅವಳೊಬ್ಬಳಿಗಾಗಿಯೇ ಪಾಠ ಇಟ್ಟುಕೊಂಡ. ಊಟದ ಡಬ್ಬಿ ಹಿಡಿದು ಉಳಿದವರೂ ನೆರೆದರು. ಪುಕ್ಕಟೆ ತಮಾಷೆ ಯಾರು ಬಿಡುತ್ತಾರೆ?

"ಹೆದರ್ಬೇಡಿ ಅಕ್ಕಾ" ಎಂದು ಶುರು ಮಾಡಿದ ಅವನು. "ವಯಸ್ಸಾದವ್ರಿಗೆ ಹೊಸದು ಅಂದ್ರೆ ಸ್ವಲ್ಪ ಅಳುಕಿರತ್ತೆ."

"ದಿನಾ ಕೆಂಡದಂಥ ಇಸ್ತ್ರಿಪೆಟ್ಟಿಗೆ ಹಿಡಿಯೋಳು ನಾನು. ಗಾಜಿಗೆ ಹೆದರ್ತೀನಾ?"

"ಹಾಗಾದ್ರೆ ಒತ್ತಿ."

ಒತ್ತಿದಳು. ಇಲ್ಲ. "ಮೆತ್ತಗೆ" ಎಂದ. ಮೆತ್ತಗೂ ಇಲ್ಲ. ಅವನೇ ಅವಳ ತೋರುಬೆರಳು ಹಿಡಿದು ಒತ್ತಿಸಿದ. ಇಲ್ಲ. ಸ್ಕ್ರೀನು ಒರೆಸಿದ, ಆರಿಸಿ ಹಚ್ಚಿದ, ತನ್ನ ಬೆರಳಿಂದ ಒತ್ತಿದ. ಅವನಿಗೆ ತಕ್ಷಣ ತೆರೆದುಕೊಂಡಿತು.

"ನಿಮ್ಮನೆ ನಾಯಿ ಥರ ಇದು ಸರ್" ಎಂದಳು ಚುರುಕಿ. "ನಿಮ್ಮನ್ನ ಕಂಡ್ರೆ ಮಾತ್ರ ಬಾಲ ಅಲ್ಲಾಡ್ಸತ್ತೆ."

ಹಾಗೆನ್ನುತ್ತಲೇ ಅವಳು ಇಸ್ತ್ರಿಯಕ್ಕನ ಕೈ ತಿರುಗಿಸಿ ನೋಡಿದಳು. "ಬೆರಳಲ್ಲ ಸರ್ ಇದು, ಮರದ ಚಕ್ಕೆ. ಮುಟ್ಟಿ ನೋಡಿ."

ಅವನೂ ಮುಟ್ಟಿ ನೋಡಿದ. ಹತ್ತೊಂಬತ್ತು ವರ್ಷದ ಬಿಸಿಗೆ ತುದಿಗಳೆಲ್ಲ ಒಣಗಿ, ನುಣ್ಣಗೆ, ಗಟ್ಟಿಯಾಗಿದ್ದವು. "ಚರ್ಮ ತೀರಾ ಒಣಗಿದ್ರೆ ಇದಕ್ಕೆ ಗೊತ್ತಾಗಲ್ಲ ಅಂತ ಕೂರಿಸೋಕೆ ಬಂದಿದ್ದವನು ಏನೋ ಹೇಳಿದ್ದ" ಎಂದು ಗೊಣಗಿದ. ಗಡಿಯಾರದಲ್ಲಿ ಹನ್ನೆರಡಕ್ಕೆ ಎರಡು ನಿಮಿಷ. ಸಾಲು ಆಗಲೇ ಕಟ್ಟಿಕೊಳ್ಳುತ್ತಿತ್ತು.

"ಹತ್ತೂ ಬೆರಳು ಒತ್ತಿ ನೋಡಕ್ಕಾ" ಎಂದಳು ಚುರುಕಿ.

ಬಲಗೈಯ ಐದೂ ಬೆರಳು ಸೋತವು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಕೊನೆಗೆ ಕಿರುಬೆರಳು ಇಟ್ಟಳು, ಅದೂ ಬೇಸರದಲ್ಲಿ.

ಟಿಕ್ ಅಂತು.

ಇಸ್ತ್ರಿಯಕ್ಕನಿಗೆ ಥಟ್ಟನೆ ಹೊಳೆಯಿತು. ಬಲಗೈಯಲ್ಲಿ ಪೆಟ್ಟಿಗೆ ನೂಕುವಾಗ ಎಡಗೈ ಮುಂದೆ ಮುಂದೆ ಬಟ್ಟೆ ಸವರುತ್ತಾ ಹೋಗಬೇಕು. ಪೆಟ್ಟಿಗೆಯ ಮೂತಿ ತಗುಲದಿರಲೆಂದು ಕಿರುಬೆರಳನ್ನು ಮಾತ್ರ ಎತ್ತಿ ಹಿಡಿಯಬೇಕು. ಕೆಲಸ ಕಲಿಸಿದಾಕೆ ಮೊದಲ ದಿನ ಹೇಳಿಕೊಟ್ಟ ಪಾಠ ಅದು. ಒಂಬತ್ತು ಬೆರಳು ಸುಟ್ಟುಕೊಳ್ಳುತ್ತಿದ್ದರೆ ಇದೊಂದು ಇಷ್ಟು ವರ್ಷ ಮೇಲೆ ನಿಂತು ನೋಡುತ್ತಿತ್ತು.

"ಕೆಲ್ಸಗಳ್ಳ ಬೆರಳನ್ನ ಮಾತ್ರ ಒಪ್ಕೊಳ್ಳತ್ತೆ ನಿಮ್ಮ ಮಿಷಿನ್ನು" ಎಂದಳು.

"ಅದಕ್ಕೇ ನಮ್ಮ ಸರ್ ಕೈಯ ಹತ್ತೂ ಬೆರಳಿಗೆ ಓಗೊಡತ್ತೆ" ಎಂದರು ಸಾಲಿನಲ್ಲಿ ಯಾರೋ. ಮೇಲ್ವಿಚಾರಕನೂ ನಕ್ಕ, ನಗದೆ ಬೇರೆ ದಾರಿಯಿರಲಿಲ್ಲ.

"ನೀವು ಹೆದರ್ತಿದ್ದೀರಿ ಅಂದ್ಕೊಂಡಿದ್ದೆ ಅಕ್ಕಾ."

"ಅಂದ್ಕೊಳ್ಳೋ ಬದ್ಲು ಕೇಳ್ಬಹುದಿತ್ತು. ನಾನೂ ಹೇಳ್ಬಹುದಿತ್ತು ಅನ್ನಿ."

ಹನ್ನೆರಡು ಹೊಡೆಯಿತು. ಪಾಠಕ್ಕೆಂದು ಎಲ್ಲರಿಗಿಂತ ಮುಂದೆ ನಿಂತವಳು ಅವಳೇ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಕಿರುಬೆರಳು ಚಾಚಿ ತನ್ನ ಹೆಸರು ಒತ್ತಿದಳು, ಬೆಳಗಿನ ಪಾಳಿ ಒತ್ತಿದಳು. ಜಾಗ ಆರು ಇದ್ದದ್ದು ಐದಾಯಿತು. ಮಗಳಿಗೆ ಫೋನು ಮಾಡಿ "ಸಿಕ್ತು" ಎಂದಷ್ಟೇ ಹೇಳಬೇಕು. ಬೆರಳಿನ ಕಥೆ ರಾತ್ರಿ ಹೇಳಿದರಾಯಿತು.

ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಐದು ನಕ್ಷತ್ರ ಮೂಡಿದವು. ಈ ಸೇವೆ ನಿಮಗೆ ಹೇಗನ್ನಿಸಿತು ಎಂದು ಕೇಳುತ್ತಿತ್ತು. ಇಸ್ತ್ರಿಯಕ್ಕ ಒಂದನ್ನು ಒತ್ತಿದಳು.

"ಒಂದೇನಾ ಅಕ್ಕಾ?" ಮೇಲ್ವಿಚಾರಕನ ಮುಖ ಸಣ್ಣಗಾಯಿತು.

"ಹತ್ತರಲ್ಲಿ ಒಂದು ಬೆರಳಿಗೆ ಓಗೊಟ್ಟಿದೆ. ಐದರ ಲೆಕ್ಕಕ್ಕೆ ಅರ್ಧ ನಕ್ಷತ್ರನೇ ಬರೋದು" ಎಂದು ಅವಳು ಇಸ್ತ್ರಿ ಮೇಜಿನತ್ತ ನಡೆದಳು. "ಅರ್ಧ ಇರ್ಲಿಲ್ಲ. ಹೋಗ್ಲಿ ಅಂತ ಪೂರ್ತಿ ಕೊಟ್ಟೆ."